ನಾಲ್ಕು ಇಂಚು ಮರಳು

ಕಂತು ಹನ್ನೊಂದು

"ಐದು," ಎಂದರು ಮೀನು ಮೇಷ್ಟ್ರು. ಸ್ಕೇಲನ್ನು ಗಾಜಿನಿಂದ ತೆಗೆದು, ಅಂಗಿಯ ತುದಿಗೆ ಒರೆಸಿ ಮತ್ತೆ ಇಟ್ಟರು. "ಐದೇ."

"ಎಷ್ಟಿರಬೇಕಿತ್ತು?"

"ನಾಲ್ಕು. ಈ ತುದಿಯಿಂದ ಆ ತುದಿವರೆಗೂ ನಾಲ್ಕೇ."

ನಾನು ಮೀನಿನ ತೊಟ್ಟಿಯ ಎಡಮಗ್ಗುಲಲ್ಲಿ, ಗೋಡೆಗೂ ಗಾಜಿಗೂ ನಡುವಿನ ಸಂದಿಯಲ್ಲಿ ಮಂಡಿಯೂರಿ ಕೂತಿದ್ದೆ. ಐವತ್ತೆಂಟು ವರ್ಷದ ಮಂಡಿಗೆ ಹೇಳಿ ಮಾಡಿಸಿದ ಕೆಲಸವಲ್ಲ ಇದು. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು ನಾನು. ಅಲ್ಲಿ ಅಂಟಿಕೊಂಡ 'ಬೆರಳಮ್ಮ' ಎಂಬ ಹೆಸರು ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಈ ಮನೆಯಲ್ಲಿ ಮಾತ್ರ ನಾನು ಮೇಷ್ಟ್ರ ಅಸಿಸ್ಟೆಂಟು, ಬಕೆಟ್ಟು ಹೊರುವವಳು.

ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಈ ಮನೆಯೊಡತಿ ಕಾಣೆಯಾಗಿದ್ದಳು. ಅವಳ ತಂಗಿ ನನ್ನನ್ನು ಹುಡುಕಿಕೊಂಡು ಬಂದು ಮೂರು ವಾರವಾಗಿತ್ತು. ಇಷ್ಟು ದಿನ ನನ್ನ ಕೈಗೆ ಸಿಕ್ಕಿದ್ದು ದೊಡ್ಡ ಸೊನ್ನೆ.

ತಂಗಿ ಆಸ್ಪತ್ರೆಯಲ್ಲಿ ನರ್ಸು. ಮೊದಲ ದಿನವೇ ಅವಳು ನನ್ನ ಮುಂದೆ ಕೂತು ಹೇಳಿದ್ದು ಒಂದೇ ಮಾತು. "ಅಪರಾಧಿ ಸಿಗದಿದ್ರೂ ಪರವಾಗಿಲ್ಲ ಆಂಟಿ. ಅಕ್ಕ ಇದ್ದಾಳೋ ಇಲ್ವೋ ಅದನ್ನ ಹೇಳಿ. ಇದ್ರೆ ಕಾಯ್ತೀನಿ. ಇಲ್ಲ ಅಂದ್ರೆ ಒಂದ್ಸಲ ಅತ್ತು ಮುಗಿಸ್ತೀನಿ. ಈ ನಡುವಿನದ್ದು ನನ್ನ ಕೈಲಿ ಆಗ್ತಿಲ್ಲ." ಆ ಮಾತಿಗೇ ನಾನು ಈ ಕೇಸು ಹಿಡಿದದ್ದು.

ಈಗ ಅವಳು ತೊಟ್ಟಿಯ ಆ ಕಡೆ ನಿಂತಿದ್ದಳು. ಆರಡಿ ಉದ್ದದ ಉಪ್ಪುನೀರಿನ ತೊಟ್ಟಿ. ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆಂದು ಹಾಲಿನ ಪರದೆಗಳನ್ನು ಹಗಲಲ್ಲೂ ಎಳೆದೇ ಇಡುತ್ತಿದ್ದರು. ಹೊರಗೆ ಮಧ್ಯಾಹ್ನ ಎರಡೂವರೆ; ಒಳಗೆ ಮಾತ್ರ ಗಂಟೆ ಎಷ್ಟೆಂದು ಹೇಳಲಾಗದ, ತೊಟ್ಟಿಯ ದೀಪದ ನೀಲಿ ಬೆಳಕು. ತಂಗಿಯ ಮುಖ ನೀಲಿ, ತುಟಿ ನೀಲಿ. ಶವಾಗಾರದಲ್ಲಿ ಎಷ್ಟೋ ಬೆರಳುಗಳ ಅಚ್ಚು ತೆಗೆದವಳು ನಾನು, ಆ ಬಣ್ಣ ನನಗೆ ಇವತ್ತಿಗೂ ಒಗ್ಗಿಲ್ಲ.

ಇನ್ನೊಂದು ಸಂಗತಿ ಬಂದಾಗಿನಿಂದ ನನ್ನನ್ನು ಕಾಡುತ್ತಿತ್ತು. ಹಿಂಬದಿಯ ಎಡಮೂಲೆಯಲ್ಲಿ, ದೊಡ್ಡ ಬಂಡೆಯ ಮರೆಯಲ್ಲಿ, ಮರಳಿನಿಂದ ಆಗಾಗ ಒಂದೊಂದು ಗುಳ್ಳೆ ಏಳುತ್ತಿತ್ತು. ಒಳಗೆ ಮಲಗಿದವರು ಉಸಿರು ಬಿಟ್ಟ ಹಾಗೆ. ಮೀನುಗಳೆಲ್ಲ ಬಲಗಡೆಗೇ ಗುಂಪಾಗಿದ್ದವು, ಆ ಮೂಲೆಯತ್ತ ಒಂದೂ ಸುಳಿಯುತ್ತಿರಲಿಲ್ಲ.

ಮೇಷ್ಟ್ರು ಸ್ಕೇಲು ಹಿಡಿದದ್ದು ಆ ಮೂಲೆಗೇ.

"ನಾಲ್ಕೇ ಯಾಕೆ? ಮೂರಾದ್ರೆ ಮೀನು ಮುನಿಸ್ಕೊಳ್ಳುತ್ತಾ?" ಎಂದೆ.

ಮೇಷ್ಟ್ರು ನಿವೃತ್ತ ವಿಜ್ಞಾನ ಶಿಕ್ಷಕರು. ಈಗ ಹತ್ತಾರು ಮನೆಗಳ ಮೀನಿನ ತೊಟ್ಟಿ ನೋಡಿಕೊಳ್ಳುತ್ತಾರೆ. ಪ್ರಶ್ನೆ ಕೇಳಿದರೆ ಇಂದಿಗೂ ಬೆನ್ನು ನೆಟ್ಟಗಾಗುತ್ತದೆ.

"ಎರಡೇ ದಾರಿ ಬೆರಳಮ್ಮ. ಒಂದಿಂಚು ಹಾಕಿ, ವಾರವಾರ ಕಲಕಿ ಕಸ ತೆಗೀರಿ. ಇಲ್ಲ ನಾಲ್ಕಿಂಚು ಹಾಕಿ, ಆಮೇಲೆ ಅದರ ತಂಟೆಗೇ ಹೋಗ್ಬೇಡಿ. ಕೆಳಗೆ ಗಾಳಿ ಆಡದ ಜಾಗದಲ್ಲಿ ಒಂಥರಾ ಬ್ಯಾಕ್ಟೀರಿಯಾ ಬೆಳೆದು ನೀರಿನ ಕೊಳೇನ ತಿಂದ್ಹಾಕುತ್ತೆ. ಎರಡೂವರೆ, ಮೂರು ಅಂತ ಹಾಕೋರು ಎರಡು ದೋಣಿ ಮೇಲೆ ಕಾಲಿಟ್ಟೋರು. ಕಸಾನೂ ಹೋಗಲ್ಲ, ಕೆಲಸಾನೂ ಆಗಲ್ಲ."

"ನಾಲ್ಕಿಂಚಿಗೆ ಕೈ ಹಾಕಿದ್ರೆ?"

"ತಳದಲ್ಲಿ ಕೂತ ವಿಷ ಮೇಲೆ ಬರುತ್ತೆ. ಕೊಳೆತ ಮೊಟ್ಟೆ ವಾಸನೆ. ಎರಡು ದಿನದಲ್ಲಿ ಮೀನು ತೇಲುತ್ತೆ. ಈ ಕಸುಬಿನೋರು ಯಾರೂ ಆ ಮರಳಿಗೆ ಬೆರಳು ತಾಗಿಸಲ್ಲ."

"ಅಕ್ಕನೂ ಮೇಷ್ಟ್ರೂ ಇದೇ ವಿಷಯಕ್ಕೆ ಒಂದು ತಿಂಗಳು ಜಗಳ ಆಡಿದ್ರು," ಎಂದಳು ತಂಗಿ. "ಈ ಮನೇಲಿ ಊಟಕ್ಕೆ ಕೂತ್ರೂ ಮರಳು, ಎದ್ರೂ ಮರಳು. ಭಾವ ಪೇಪರ್ ಹಿಡ್ಕೊಂಡು ಕೇಳ್ತಾ ಕೂತಿರ್ತಿದ್ರು. ಕೊನೆಗೆ ಅಕ್ಕ ನಾಲ್ಕಕ್ಕೆ ಒಪ್ಪಿ, ಸುತ್ತ ಗಾಜಿನ ಮೇಲೆ ಮಾರ್ಕರಲ್ಲಿ ಗೆರೆ ಎಳೆದಳು."

ಗೆರೆ ಇನ್ನೂ ಇತ್ತು. ಮುಂಭಾಗದಲ್ಲಿ ಮರಳು ಆ ಗೆರೆಗೆ ಸರಿಯಾಗಿ ಮುಟ್ಟಿತ್ತು. ಹಿಂದಿನ ಮೂಲೆಯಲ್ಲಿ ಮಾತ್ರ ಗೆರೆ ಮುಳುಗಿ, ಮೇಲೆ ಇನ್ನೂ ಒಂದಿಂಚು ಮರಳು ನಿಂತಿತ್ತು.

"ಪಂಪಿನ ಸೆಳೆತಕ್ಕೆ ಗುಡ್ಡೆ ಆಗಿರಬೋದು," ಎಂದರು ಮೇಷ್ಟ್ರು. ಅವರ ದನಿಯಲ್ಲಿ ಅದನ್ನು ಅವರೇ ನಂಬಿದಂತಿರಲಿಲ್ಲ.

"ಹಾಗಾದ್ರೆ ಬೇರೆಲ್ಲೋ ಒಂದು ಕಡೆ ಕಮ್ಮಿ ಆಗಿರ್ಬೇಕಲ್ಲ? ಅಳೀರಿ."

ಅಳೆದರು. ಇನ್ನುಳಿದ ಏಳು ಕಡೆಯೂ ಸ್ಕೇಲು ಒಂದೇ ಮಾತು ಹೇಳಿತು. ನಾಲ್ಕು.

"ಮರಳೇನು ನಾದಿಟ್ಟ ಹಿಟ್ಟಲ್ಲ ಮೇಷ್ಟ್ರೇ, ತಾನಾಗೇ ಉಬ್ಬೋಕೆ," ಎಂದೆ. "ಕೆಳಗೆ ಏನೋ ಇದೆ."

ಮೂಲೆಯಲ್ಲಿ ಒಂದು ಗುಳ್ಳೆ ಎದ್ದು ಮೇಲೆ ಹೋಯಿತು. ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

ನಾನು ಟಾರ್ಚು ಹಚ್ಚಿ ಪಕ್ಕದ ಗಾಜಿಗೆ ಕಣ್ಣಿಟ್ಟೆ. ಮರಳಿನ ಪದರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಮೇಲೆ ಬಿಳಿ, ನಡುವೆ ಬೂದು, ತಳದಲ್ಲಿ ಕಪ್ಪು ಪಟ್ಟೆ. ಆ ಪಟ್ಟೆ ಮುಂದಿನಿಂದ ಹಿಂದಕ್ಕೆ ಒಂದೇ ಸಮ ಬಂದು, ಮೂಲೆಯ ಹತ್ತಿರ ಥಟ್ಟನೆ ನಿಂತುಬಿಟ್ಟಿತ್ತು. ಅಲ್ಲಿಂದ ಒಂದು ಗೇಣಿನಷ್ಟು ಜಾಗದಲ್ಲಿ ಮರಳು ಎಳ್ಳು ಅಕ್ಕಿ ಬೆರೆಸಿದ ಹಾಗೆ ಕಲಸಿಹೋಗಿತ್ತು.

"ಇದು ಯಾವಾಗಿನದು?"

ಮೇಷ್ಟ್ರು ನನ್ನ ಪಕ್ಕ ಬಗ್ಗಿ ಬಹಳ ಹೊತ್ತು ನೋಡಿದರು. "ಕಪ್ಪು ಮತ್ತೆ ಕೂಡೋಕೆ ಮೂರ್ನಾಲ್ಕು ತಿಂಗಳಾದ್ರೂ ಬೇಕು. ಇನ್ನೂ ಶುರುವೇ ಆಗಿಲ್ಲ. ಯಾರೋ ಒಂದು ತಿಂಗಳೊಳಗೆ ಕೈ ಹಾಕಿದಾರೆ." ಅವರ ದನಿ ಇಳಿಯಿತು. "ನಾನು ಹದಿನೈದು ದಿನಕ್ಕೊಮ್ಮೆ ಬರ್ತೀನಿ. ಬಂಡೆ ಹಿಂದೆ ನೋಡ್ಲೇ ಇಲ್ಲ. ಮುಟ್ಟಬಾರದ ಜಾಗ, ನೋಡೋದೇನು ಅಂತ."

"ಈ ತಿಂಗಳಲ್ಲಿ ಮೀನು ಸತ್ತಿದ್ಯಾ?"

"ಒಂದೂ ಇಲ್ಲ."

"ಅದಕ್ಕೆ ಮುಂಚೆ?"

ಉತ್ತರ ಕೊಟ್ಟವಳು ತಂಗಿ. "ಅಕ್ಕ ಹೋದ ಎರಡನೇ ದಿನ ಐದು ಮೀನು ಸತ್ವು. ಬೆಳಿಗ್ಗೆ ನೋಡಿದ್ರೆ ತೇಲ್ತಿದ್ವು. ಎಲ್ರೂ ಅಂದ್ರು, ಅಕ್ಕನ ಕೊರಗಲ್ಲೇ ಹೋದ್ವು ಅಂತ. ನಾನು ಅವುಗಳ ಮುಂದೆ ಕೂತು ಅತ್ತಿದ್ದೆ."

ಮೇಷ್ಟ್ರು ತಲೆ ತಗ್ಗಿಸಿದರು. "ಎಲ್ರೂ ಅಲ್ಲಮ್ಮ, ನಾನೇ ಅಂದಿದ್ದು. ಒಡತಿ ಇಲ್ಲದ ಸಂಕಟ ಅಂತ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದೋನು ನಾನು."

"ಆ ದಿನ ಮನೇಲಿ ವಾಸನೆ ಏನಾದ್ರೂ ಇತ್ತಾ?" ಎಂದು ತಂಗಿಯನ್ನು ಕೇಳಿದೆ.

ಅವಳು ಉತ್ತರ ಹೇಳುವ ಮೊದಲೇ ಅವಳ ಮುಖ ಬದಲಾಯಿತು. "ಇತ್ತು. ಕೊಳೆತ ಮೊಟ್ಟೆ ತರ. ಭಾವ ಕಿಟಕಿ ಎಲ್ಲ ತೆಗೆದಿಟ್ಟಿದ್ರು. ಅಡುಗೆಮನೆ ಮೋರಿ ಕಟ್ಕೊಂಡಿದೆ ಅಂದ್ರು."

ಒಬ್ಬರಲ್ಲ, ಇಬ್ಬರು. ಮೊದಲು ಕೈ ಹಾಕಿದವನು ಅಕ್ಕ ಕಾಣೆಯಾದ ಹೊತ್ತಿನಲ್ಲೇ ಹಾಕಿದ್ದ, ಕಸುಬು ತಿಳಿಯದೆ ಐದು ಮೀನು ಕೊಂದಿದ್ದ. ಯಾರೂ ಎಂದೂ ಅಗೆಯದ ಜಾಗ ಇದು ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಎರಡನೆಯವರು ತಿಂಗಳೊಳಗೆ ಬಂದು ಅದೇ ಜಾಗ ಅಗೆದು, ಒಂದು ಮೀನಿನ ಕೂದಲೂ ಕೊಂಕದಂತೆ ಹೋಗಿದ್ದರು. ಮೀನಿಗೆ ಕೂದಲಿಲ್ಲ, ಗೊತ್ತು. ಮಾತಿಗೆ ಹೇಳಿದೆ.

"ಹಾವೂ ಸಾಯದೆ ಕೋಲೂ ಮುರಿಯದೆ ಅಗೆಯೋದು ಹೇಗೆ ಮೇಷ್ಟ್ರೇ?"

"ಮೀನನ್ನೆಲ್ಲ ಬಕೆಟ್ಟಿಗೆ ಹಾಕ್ಬೇಕು. ಪಂಪು ನಿಲ್ಲಿಸ್ಬೇಕು. ತಳ ಕೊಯ್ದ ಪ್ಲಾಸ್ಟಿಕ್ ಡಬ್ಬ ಒಂದನ್ನ ಮರಳಿಗೆ ಊರಿ, ಅದರೊಳಗಿನ ಮರಳು, ಕಪ್ಪು ನೀರು ಅಷ್ಟನ್ನೇ ಪೈಪಲ್ಲಿ ಎಳ್ಕೋಬೇಕು. ಆ ವಿಷ ಹೊರಗೆ ಹರಡಲ್ಲ."

"ಇದು ಎಷ್ಟು ಜನಕ್ಕೆ ಗೊತ್ತು?"

"ನನಗೆ ಗೊತ್ತು." ಅವರು ಸ್ಕೇಲನ್ನು ಜೇಬಿಗೆ ಸೇರಿಸಿದರು. "ಇವಳ ಅಕ್ಕನಿಗೆ ನಾನೇ ಹೇಳಿಕೊಟ್ಟಿದ್ದೆ."

ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು. "ಬೇಡ ಮೇಷ್ಟ್ರೇ. ಗೊತ್ತಿಲ್ಲದೆ ಆಸೆ ಹುಟ್ಟಿಸ್ಬೇಡಿ."

ನಾನು ಮೇಷ್ಟ್ರ ಕೈಗಳನ್ನೇ ನೋಡಿದೆ. ಉಪ್ಪುನೀರಿಗೆ ಬಿರಿದ ಬೆರಳುಗಳು. ಇಬ್ಬರಿಗೆ ಮಾತ್ರ ಗೊತ್ತಿರುವ ವಿದ್ಯೆ, ಅವರಲ್ಲಿ ಒಬ್ಬಳು ಎಂಟು ತಿಂಗಳಿಂದ ಇಲ್ಲ. ಹಾಗಾದರೆ ಉಳಿದವರು ಯಾರು? ಈ ಮನುಷ್ಯನ ಮೇಲೆ ನನಗೆ ಪ್ರೀತಿ ಇದೆ, ಆದರೂ ಪ್ರಶ್ನೆ ಎದ್ದುಬಿಟ್ಟಿತು.

"ತೆಗೀರಿ ಮೀನು," ಎಂದಳು ತಂಗಿ.

"ಅಮ್ಮಾ, ಸ್ವಲ್ಪ ತಪ್ಪಿದ್ರೂ ಎಲ್ಲ ಹೋಗುತ್ತೆ. ನಿನ್ನಕ್ಕ ಸಾಕಿದ್ದು. ಇಷ್ಟೇ ಉಳಿದಿರೋದು."

"ಗೊತ್ತು ಮೇಷ್ಟ್ರೇ. ತೆಗೀರಿ."

ಕಿತ್ತಳೆ ಬಣ್ಣದ ಜೋಡಿ, ಹಳದಿಯದೊಂದು, ಹೆಸರು ತಿಳಿಯದ ನೀಲಿ ಚುಕ್ಕೆಯದೊಂದು. ಒಂದೊಂದಾಗಿ ಬಕೆಟ್ಟಿಗೆ ಬಂದವು. ಮೇಷ್ಟ್ರು ಪಂಪಿನ ಸ್ವಿಚ್ಚು ಆರಿಸಿದರು. ಅಷ್ಟು ಹೊತ್ತೂ ಕಿವಿಯಲ್ಲಿದ್ದ ಗುಂಯ್ ಶಬ್ದ ನಿಂತಿತು. ಆ ಮನೆ ಎಷ್ಟು ನಿಶ್ಶಬ್ದ ಎಂದು ಆಗಲೇ ತಿಳಿದದ್ದು.

ಅದಕ್ಕೇ ಬಾಗಿಲ ಬೀಗ ತಿರುಗಿದ್ದು ಮೂವರಿಗೂ ಕೇಳಿಸಿತು.

ಸಂಜೆ ಆರಕ್ಕೆ ಬರಬೇಕಾದ ಮನೆಯ ಯಜಮಾನರು, ತಂಗಿಯ ಭಾವ, ಮೂರು ಗಂಟೆಗೇ ಬಂದು ನಿಂತಿದ್ದರು. ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟವರು. ತೆಳು ಮೈ, ಒತ್ತಿ ಬಾಚಿದ ತಲೆ, ಎಂದೂ ಏರದ ದನಿ. ಬೂಟು ಬಿಚ್ಚಿ, ಜೋಡಿಸಿಟ್ಟು, ಒಳಗೆ ಬಂದರು. ಬಕೆಟ್ಟುಗಳನ್ನು ನೋಡಿದರು.

"ಏನು ಮೇಷ್ಟ್ರೇ ಇದು?"

"ನೀರು ಬದಲಾಯಿಸ್ತಾ ಇದ್ವಿ ಸಾರ್. ಹಾಗೇ ಸ್ವಲ್ಪ…"

"ಮರಳಿಗೆ ಕೈ ಹಾಕಬಾರದಲ್ವಾ? ಮೀನು ಸಾಯುತ್ತೆ ಅಂತ ನೀವೇ ಹೇಳ್ತಿದ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕುಂಬಳಕಾಯಿಯ ಮಾತನ್ನೇ ಯಾರೂ ಎತ್ತಿರಲಿಲ್ಲ.

"ಮರಳಿನ ಸುದ್ದಿ ಯಾರು ತೆಗೆದ್ರು ಸಾರ್?" ಎಂದೆ.

ಅವರು ನನ್ನತ್ತ ತಿರುಗಿದರು. "ನೀವು?"

"ಅಸಿಸ್ಟೆಂಟು."

"ಅಸಿಸ್ಟೆಂಟ್ ಕಣ್ಣಲ್ಲ ಇವು. ದಿನಕ್ಕೆ ಮೂವತ್ತು ಜೊತೆ ಕಣ್ಣು ನೋಡೋನು ನಾನು." ನಕ್ಕರು. ಕೋಪವಿಲ್ಲದ, ಸಮಾಧಾನದ ನಗು. "ಇದು ನನ್ನ ಮನೆ. ಮೀನನ್ನ ಒಳಗೆ ಬಿಡಿ, ಹೊರಡಿ."

ತಂಗಿ ತೊಟ್ಟಿಗೂ ಅವರಿಗೂ ನಡುವೆ ಬಂದು ನಿಂತಳು.

"ಮನೆ ನಿಮ್ಮದು ಭಾವ. ಟ್ಯಾಂಕು ಅಕ್ಕನದು. ಅಕ್ಕ ಇದ್ದಾಳೆ ಅಂತ ನೀವು ಒಂದು ಮಾತು ಹೇಳಿ, ಈಗಲೇ ನಿಲ್ಲಿಸ್ತೀನಿ. ಅವಳು ಬಂದು ನನ್ನ ಬೈದ್ರೆ ಬೈಸ್ಕೋತೀನಿ. ಹೇಳಿ. ಇದ್ದಾಳಾ?"

ಎಂಟು ತಿಂಗಳು ಎಲ್ಲರ ಮುಂದೆ "ಎಲ್ಲೋ ಇದ್ದಾಳೆ, ಕೋಪ ಇಳಿದ ಮೇಲೆ ಬರ್ತಾಳೆ" ಎಂದ ಯಜಮಾನರಿಗೆ ಅವಳ ಕಣ್ಣು ನೋಡಿ ಆ ಮಾತು ಹೊರಡಲಿಲ್ಲ. ಅವರು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು.

"ಶುರು ಮಾಡಿ ಮೇಷ್ಟ್ರೇ," ಎಂದಳು ತಂಗಿ.

ಮೇಷ್ಟ್ರು ತೋಳು ಮೇಲೆ ಮಾಡಿ, ತಳವಿಲ್ಲದ ಡಬ್ಬವನ್ನು ಮೂಲೆಯಲ್ಲಿ ಊರಿದರು. ಪೈಪಿನ ಇನ್ನೊಂದು ತುದಿ ನನ್ನ ಬಕೆಟ್ಟಿನಲ್ಲಿತ್ತು. ಮರಳು ಸರಸರ ಬಂದು ಬೀಳತೊಡಗಿತು. ಬಿಳಿ, ಬೂದು, ಕಪ್ಪು ಎಲ್ಲ ಬೆರೆತೇ. ವಾಸನೆ ಬಂತು, ತೀರಾ ಸ್ವಲ್ಪ. ಮೇಷ್ಟ್ರು ಹೇಳಿದ್ದು ಸರಿ, ಹೊಸದಾಗಿ ಕೆದಕಿದ ಜಾಗ.

ಅವರ ಕೈ ನಿಂತಿತು. "ಸಿಕ್ತು."

ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿದ, ಗಟ್ಟಿಯಾದ, ಉದ್ದನೆಯ ಪೆಟ್ಟಿಗೆ. ನೀರಿನಿಂದ ಮೇಲೆ ಬಂದಾಗ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಕನ್ನಡಕದ ಪೆಟ್ಟಿಗೆ.

ಪೊಲೀಸರಿಗೆ ಯಜಮಾನರು ಬರೆದುಕೊಟ್ಟ ಹೇಳಿಕೆ ನನಗೆ ಬಾಯಿಪಾಠ. ಹೆಂಡತಿ ಕೈಚೀಲ ತಗೊಂಡು, ಕನ್ನಡಕ ಹಾಕಿಕೊಂಡು, ತಾನಾಗಿಯೇ ಮನೆ ಬಿಟ್ಟು ಹೋದಳು. ಕನ್ನಡಕವಿಲ್ಲದೆ ಆಕೆಗೆ ಎದುರಿನ ಬಾಗಿಲೂ ಕಾಣದು. ಕನ್ನಡಕ ಇಲ್ಲಿದ್ದರೆ, ಆಕೆ ತನ್ನ ಕಾಲ ಮೇಲೆ ಈ ಮನೆಯಿಂದ ಹೋಗಿಲ್ಲ.

ತಂಗಿಗೂ ಅದು ಹೊಳೆಯಿತು. ಅವಳು ಸದ್ದಿಲ್ಲದೆ ಅಳತೊಡಗಿದಳು. ಎಂಟು ತಿಂಗಳು ತಡೆದಿಟ್ಟ ಅಳು. ನೋಡಲಾಗದೆ ನಾನು ಯಜಮಾನರ ಕಡೆ ತಿರುಗಿದೆ.

"ಇದು ಇಲ್ಲಿಗೆ ಹೇಗೆ ಬಂತು ಸಾರ್?"

"ಬಿಸಾಕೋಕೆ ಮನಸ್ಸು ಬರ್ಲಿಲ್ಲ." ಅವರು ನೆಲ ನೋಡುತ್ತಲೇ ಹೇಳಿದರು. "ನಾನೇ ಮಾಡಿಕೊಟ್ಟ ಕನ್ನಡಕ. ಮೂರು ಸಲ ಲೆನ್ಸು ತಿದ್ದಿದ್ದೆ. ಇಲ್ಲಾದ್ರೆ ಯಾರೂ ಮುಟ್ಟಲ್ಲ ಅಂದ್ಕೊಂಡೆ."

ನಾನು ಕವರು ಕತ್ತರಿಸಿ ಪೆಟ್ಟಿಗೆ ತೆರೆದೆ. ಒಳಗಿನದನ್ನು ಕರವಸ್ತ್ರದಲ್ಲಿ ಹಿಡಿದು ಅವರ ಮುಂದೆ ಚಾಚಿದೆ. ಅವರು ಕಣ್ಣೆತ್ತಿದರು.

ಆ ಮುಖವನ್ನು ನಾನು ಬೇಗ ಮರೆಯಲಾರೆ. ಸಿಕ್ಕಿಬಿದ್ದವನ ಮುಖ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಇದು ಅದಾಗಿರಲಿಲ್ಲ.

"ಇದಲ್ಲ," ಎಂದರು.

"ಏನು ಇದಲ್ಲ?"

"ನಾನಿಟ್ಟಿದ್ದು ಇದಲ್ಲ."

ಅವರು ಕನ್ನಡಕವನ್ನು ನನ್ನ ಕೈಯಿಂದ ಕಸಿದುಕೊಂಡು ಕಿಟಕಿಗೆ ಓಡಿದರು. ಪರದೆ ಸರಿಸಿದರು. ಎಷ್ಟು ದಿನಕ್ಕೋ ಏನೋ, ಹಾಲಿನೊಳಗೆ ಬಿಸಿಲು ಬಿತ್ತು. ಬಲಗಡೆಯ ಲೆನ್ಸನ್ನು ಕಿಟಕಿಯ ಕಂಬಿಗೆ ನೇರ ಹಿಡಿದು ಮೆಲ್ಲಗೆ ತಿರುಗಿಸಿದರು. ಅಂಗಡಿಯಲ್ಲಿ ದಿನವೂ ಮಾಡುವ ಕೆಲಸ, ಕೈ ತಾನಾಗಿ ಮಾಡುತ್ತಿತ್ತು. ನಾನೂ ಹಿಂದೆ ನಿಂತು ನೋಡಿದೆ. ಲೆನ್ಸಿನೊಳಗೆ ನೆಟ್ಟಗಿನ ಕಂಬಿ ಓರೆಯಾಗಿ ಮುರಿದು ಕಂಡಿತು.

"ಅವಳ ಬಲಗಣ್ಣು," ಎಂದು ಪಿಸುಗುಟ್ಟಿದರು. "ಒಬ್ಬೊಬ್ಬರ ಕಣ್ಣಿಗೆ ಲೆನ್ಸಿಂದು ಒಂದೊಂದು ಓರೆ, ಇದು ಅವಳದೇ. ಸಾವಿರ ಕಣ್ಣಲ್ಲೂ ಗುರುತು ಹಿಡೀತೀನಿ."

"ಅಂದ್ರೆ ಅಕ್ಕನದೇ ಕನ್ನಡಕ?" ತಂಗಿಯ ಅಳು ನಿಂತಿತ್ತು.

"ಅವಳ ನಂಬರೇ. ಆದ್ರೆ ನನ್ನ ಅಂಗಡೀದಲ್ಲ. ಈ ಫ್ರೇಮು…" ಕಡ್ಡಿಯ ಒಳಬದಿಯ ಸಣ್ಣ ಅಕ್ಷರಗಳನ್ನು ಓದಿದರು. ಮತ್ತೊಮ್ಮೆ ಓದಿದರು. "ಈ ಮಾಡೆಲ್ ಅಂಗಡಿಗಳಿಗೆ ಬಂದೇ ಮೂರು ತಿಂಗಳಾಗಿಲ್ಲ."

ನಾನು ಬಗ್ಗಿ ನೋಡಿದೆ. ಮೂಗಿನ ಮೇಲೆ ಕೂರುವ ಗುಂಡಿಗಳ ಅಂಚಿನಲ್ಲಿ ಮುಖದ ಪೌಡರು ಗಟ್ಟಿಯಾಗಿ ಕೂತಿತ್ತು. ಯಾರೋ ಎಷ್ಟೋ ದಿನ ಹಾಕಿಕೊಂಡು ಓಡಾಡಿದ ಕನ್ನಡಕ. ಅಂಥವರು ಈ ಮನೆಗೆ ಬಂದು, ಮೀನುಗಳನ್ನು ಜೋಪಾನವಾಗಿ ತೆಗೆದಿಟ್ಟು, ಮರಳು ಅಗೆದು, ತಮ್ಮ ಹಳೆಯದನ್ನು ತೆಗೆದುಕೊಂಡು, ಇದನ್ನು ಈ ಪೆಟ್ಟಿಗೆಯಲ್ಲಿಟ್ಟು ಹೋಗಿದ್ದರು. ಮೇಷ್ಟ್ರಿಗೆ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

"ಬಂದಿದ್ಲು," ಎಂದಳು ತಂಗಿ. ಅವಳ ಮುಖದಲ್ಲಿ ಸಂತೋಷವೂ ಇತ್ತು, ಅದಕ್ಕಿಂತ ದೊಡ್ಡದೊಂದು ನೋವೂ ಇತ್ತು. "ಇಲ್ಲಿವರೆಗೂ ಬಂದು ನನ್ನ ಹತ್ರ ಬರ್ಲಿಲ್ಲ. ಆದ್ರೂ ಇದ್ದಾಳೆ. ಆಂಟಿ, ನಮ್ಮಕ್ಕ ಇದ್ದಾಳೆ!"

"ಇಲ್ಲ," ಎಂದರು ಯಜಮಾನರು.

ಎಂದೂ ಏರದ ದನಿ ಕೀರಲಾಗಿ ಒಡೆಯಿತು. "ಇರೋಕೆ ಆಗಲ್ಲ. ಅವಳು ಅಲ್ಲಿಂದ ಬರೋಕೆ ಸಾಧ್ಯವೇ ಇಲ್ಲ!"

ಮೇಷ್ಟ್ರು ಪೈಪು ಕೈಬಿಟ್ಟರು. ತಂಗಿ ಕಣ್ಣೊರೆಸಿಕೊಂಡು, ಹುಷಾರ್ ತಪ್ಪಿದವರ ಹತ್ತಿರ ಹೋಗುವ ನರ್ಸಿನ ಹಾಗೆ ಮೆಲ್ಲಗೆ ಅವರ ಹತ್ತಿರ ಹೋದಳು. ಅವರ ಕೈಯಿಂದ ಕನ್ನಡಕ ಬಿಡಿಸಿಕೊಂಡಳು.

"ಎಲ್ಲಿಂದ, ಭಾವ?" ಎಂದು ಕೇಳಿದಳು. "ಅವಳನ್ನ ಎಲ್ಲಿ ಬಿಟ್ಟು ಬಂದಿದ್ರಿ?"